ಕಿಂಬರ್ಲಿಗೆ ಹೋದರೆ ಗುಂಡಿಯನ್ನು ಕೊನೆಗೆ ನೋಡಿ

ಮೊದಲ ಸಲ ನಾನು ಕಿಂಬರ್ಲಿಯಲ್ಲಿ ಇದ್ದದ್ದು ಬರೀ ಎರಡು ಗಂಟೆ. ಜೋಹಾನ್ಸ್‌ಬರ್ಗ್‌ನಲ್ಲಿ ಕೆಲಸಕ್ಕಿದ್ದ ಕಾಲ. ಕೇಪ್‌ಟೌನ್‌ಗೆ ಕಾರಲ್ಲಿ ಹೊರಟಿದ್ದೆವು. ದಾರಿಯಲ್ಲಿ ಸಿಗುತ್ತಲ್ಲ ಅಂತ ನಿಲ್ಲಿಸಿ, ಬಿಗ್ ಹೋಲ್ ಎಂಬ, ಹಳೇ ವಜ್ರದ ಗಣಿಯ ಆ ದೊಡ್ಡ ಗುಂಡಿಯೊಳಗೆ ಇಣುಕಿ, ನಾಲ್ಕು ಫೋಟೋ ತೆಗೆದು, ಚಿಪ್ಸ್ ತಿಂದು ಹೊರಟೆವು. ಮನೆಗೆ ಬಂದು ನೋಡಿದರೆ ಫೋಟೋದಲ್ಲಿ ಇದ್ದದ್ದು ಹಸಿರು ನೀರು ಮತ್ತು ನನ್ನ ಟೋಪಿ.

ಎರಡನೇ ಸಲ ಊರಿಂದ ಚಿಕ್ಕಪ್ಪ ಬಂದಿದ್ದರು. ಅವರು ಕೆಜಿಎಫ್‌ನಲ್ಲಿ ಟೈಮ್ ಆಫೀಸಿನಲ್ಲಿದ್ದವರು. ಅವರಿಗಾಗಿ ಎರಡು ರಾತ್ರಿ ಉಳಿದೆವು. ಬಿಗ್ ಹೋಲ್‌ಗೆ ಹೋದದ್ದು ಮೂರನೇ ದಿನ. ಅಷ್ಟರಲ್ಲಿ ಅದನ್ನು ತೋಡಿದವರು ಯಾರು, ಎಲ್ಲಿಂದ ಬಂದರು, ಎಲ್ಲಿ ಮಲಗುತ್ತಿದ್ದರು ಅನ್ನುವುದೆಲ್ಲ ಗೊತ್ತಾಗಿತ್ತು. ಗುಂಡಿ ಅದೇ, ನೀರು ಅದೇ. ಆದರೆ ಈ ಸಲ ಕಟಕಟೆ ಹಿಡಿದು ನಿಂತವರಿಗೆ ಫೋಟೋ ತೆಗೆಯುವುದೇ ಮರೆತುಹೋಯಿತು.

ಈ ಮಾರ್ಗದರ್ಶಿಯ ತಿರುಳು ಇಷ್ಟೇ: ಎರಡು ರಾತ್ರಿ ಉಳಿಯಿರಿ, ಗುಂಡಿಯನ್ನು ಕೊನೆಗೆ ಇಟ್ಟುಕೊಳ್ಳಿ. ಮಿಕ್ಕದ್ದೆಲ್ಲ ಅದಕ್ಕೆ ಬೇಕಾದ ತಯಾರಿ.

1. ಯಾವ ತಿಂಗಳು ಹೋಗಬೇಕು

ಕಿಂಬರ್ಲಿ ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯದ ರಾಜಧಾನಿ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ, ಒಣ, ಬಯಲು ನಾಡು. ಅಲ್ಲಿ ಋತುಗಳು ನಮ್ಮದಕ್ಕೆ ಉಲ್ಟಾ. ಡಿಸೆಂಬರ್–ಜನವರಿಯಲ್ಲಿ ಬಳ್ಳಾರಿಯ ಬಿಸಿಲು ನೆನಪಾಗುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬರಬಹುದು. ಜೂನ್–ಜುಲೈನಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ. ‘ಆಫ್ರಿಕಾ ತಾನೆ, ಸ್ವೆಟರ್ ಯಾಕೆ’ ಅಂದುಕೊಂಡು ಹೋದರೆ ಕಷ್ಟ. ಏಪ್ರಿಲ್–ಮೇ ಅಥವಾ ಆಗಸ್ಟ್–ಸೆಪ್ಟೆಂಬರ್ ಒಳ್ಳೆಯದು.

2. ಕಾಗದಪತ್ರ, ಲಸಿಕೆ

ಭಾರತದ ಪಾಸ್‌ಪೋರ್ಟ್ ಇದ್ದವರು ವೀಸಾ ಮೊದಲೇ ಮಾಡಿಸಿಕೊಂಡಿರಬೇಕು. ಅರ್ಜಿ ವಿಎಫ್‌ಎಸ್ ಕೇಂದ್ರದ ಮೂಲಕ ಹೋಗುತ್ತದೆ. ಹೊರಡಲು ಎರಡು ತಿಂಗಳು ಇರುವಾಗಲೇ ಶುರು ಮಾಡಿ. ಮಕ್ಕಳಿದ್ದರೆ ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಜೊತೆಗಿರಲಿ. ಕೇಳದೇ ಇರಬಹುದು, ಆದರೆ ಕೇಳಿದಾಗ ಇಲ್ಲದಿದ್ದರೆ ತಲೆನೋವು.

ತುಂಬಾ ಜನ ಎಡವುವುದು ಲಸಿಕೆಯ ವಿಷಯದಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಹಳದಿ ಜ್ವರ, ಅಂದರೆ ಯೆಲ್ಲೋ ಫೀವರ್, ಇಲ್ಲ. ಆದರೆ ಬೆಂಗಳೂರಿನಿಂದ ಜೋಹಾನ್ಸ್‌ಬರ್ಗ್‌ಗೆ ನೇರ ವಿಮಾನ ಇಲ್ಲ, ನಡುವೆ ಎಲ್ಲಾದರೂ ಬದಲಿಸಬೇಕು. ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗಿ, ಅಲ್ಲಿ 12 ಗಂಟೆಗಿಂತ ಜಾಸ್ತಿ ಕಾಯುವ ಟಿಕೆಟ್ ಇದ್ದರೆ ದಕ್ಷಿಣ ಆಫ್ರಿಕಾದವರು ಲಸಿಕೆಯ ಪತ್ರ ಕೇಳುತ್ತಾರೆ. ವಾಪಸ್ ಬರುವಾಗ ನಮ್ಮವರೂ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಪತ್ರ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹೀಗಾಗಿ ಆ ದಾರಿಯಲ್ಲಿ ಹೋಗುವುದಾದರೆ ಕನಿಷ್ಠ 10 ದಿನ ಮೊದಲು ಲಸಿಕೆ ಹಾಕಿಸಿಕೊಂಡು, ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ದುಬೈ, ದೋಹಾ ಮೇಲೆ ಹೋದರೆ ಈ ತಾಪತ್ರಯ ಇಲ್ಲ.

ಕಿಂಬರ್ಲಿಗೆ ಮಲೇರಿಯಾ ಮಾತ್ರೆ ಬೇಕಿಲ್ಲ. ಜೊತೆಗೆ ಕ್ರೂಗರ್ ಕಾಡಿಗೂ ಹೋಗುವುದಾದರೆ ಡಾಕ್ಟರನ್ನು ಕೇಳಿ.

ಇನ್ನೊಂದು ಸಣ್ಣ ವಿಷಯ. ಅಲ್ಲಿನ ಪ್ಲಗ್ಗು ನಮ್ಮ ಮನೆಯ ಗೀಸರ್, ಎಸಿಗೆ ಹಾಕುವ ದಪ್ಪ ಮೂರು ಕಡ್ಡಿಯದ್ದು. ಫೋನ್ ಚಾರ್ಜರಿನ ಸಣ್ಣ ಪಿನ್ ಕೂರುವುದಿಲ್ಲ. ಇಲ್ಲಿ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ 16 ಆಂಪ್ಸ್‌ನ ಕನ್ವರ್ಷನ್ ಪ್ಲಗ್ ಒಂದು ತೆಗೆದುಕೊಂಡು ಹೋದರೆ ಸಾಕು. ವಿಮಾನ ನಿಲ್ದಾಣದಲ್ಲಿ ದುಡ್ಡು ಸುರಿದು ಅಡಾಪ್ಟರ್ ಕೊಳ್ಳಬೇಕಿಲ್ಲ. ಕರೆಂಟ್ ತೆಗೆಯುವುದಕ್ಕೆ ಅಲ್ಲಿಯೂ ‘ಲೋಡ್ ಶೆಡಿಂಗ್’ ಅಂತಲೇ ಅನ್ನುತ್ತಾರೆ. ಆ ಮಟ್ಟಿಗೆ ಮನೆಯಲ್ಲೇ ಇದ್ದ ಹಾಗೆ. ಒಂದು ಪವರ್ ಬ್ಯಾಂಕ್ ಇರಲಿ.

3. ತಲುಪುವುದು ಹೇಗೆ

ಜೋಹಾನ್ಸ್‌ಬರ್ಗ್‌ನಿಂದ ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ಕಾರಿನಲ್ಲಿ ಸುಮಾರು 480 ಕಿಲೋಮೀಟರ್, ನಿಂತು ನಿಂತು ಹೋದರೆ ಆರು ಗಂಟೆ. ನನ್ನ ಓಟು ಕಾರಿಗೆ. ಎನ್12 ಹೆದ್ದಾರಿ ಪೊಚೆಫ್‌ಸ್ಟ್ರೂಮ್, ಕ್ಲರ್ಕ್ಸ್‌ಡಾರ್ಪ್ ದಾಟಿ ಹೋಗುತ್ತದೆ. ಕ್ಲರ್ಕ್ಸ್‌ಡಾರ್ಪ್ ಸುತ್ತ ಚಿನ್ನದ ಗಣಿಗಳ ಬೂದು ಬಣ್ಣದ ದಿಬ್ಬಗಳು ಕಾಣುತ್ತವೆ. ‘ನಮ್ಮ ಸೈನೈಡ್ ಗುಡ್ಡ ಇದ್ದ ಹಾಗೇ ಇದೆಯಲ್ಲೋ’ ಅಂದರು ಚಿಕ್ಕಪ್ಪ. ಅಲ್ಲಿಂದ ಮುಂದೆ ಮೆಕ್ಕೆಜೋಳದ ಹೊಲಗಳು, ಆಮೇಲೆ ಮುಳ್ಳುಗಿಡದ ಬಯಲು.

ಗಾಡಿ ಓಡಿಸುವುದು ನಮ್ಮ ಹಾಗೆ ರಸ್ತೆಯ ಎಡಕ್ಕೇ. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಆದರೂ ಬಾಡಿಗೆ ಕಾರಿನವರ ಜೊತೆ ವಾದ ಬೇಡ ಅಂದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಹೆದ್ದಾರಿಯಲ್ಲಿ ಮಿತಿ ಗಂಟೆಗೆ 120, ಊರೊಳಗೆ 60. ರಸ್ತೆ ಖಾಲಿ, ನೇರ. ಅದೇ ಅಪಾಯ, ನಿದ್ದೆ ಬರುತ್ತದೆ. ಕತ್ತಲಾದ ಮೇಲೆ ಓಡಿಸಲೇಬೇಡಿ. ಕುಡು ಎಂಬ ದೊಡ್ಡ ಜಿಂಕೆ ದೀಪದ ಬೆಳಕಿಗೆ ಹಾರಿ ಬರುತ್ತದೆ. ಗುಂಡಿಗಳೂ ಇವೆ, ಅವು ನೋಡುವ ಗುಂಡಿಗಳಲ್ಲ.

ಪೆಟ್ರೋಲ್ ಬಂಕಿನಲ್ಲಿ ಹುಡುಗರೇ ತುಂಬಿಸುತ್ತಾರೆ, ಗಾಜು ಒರೆಸುತ್ತಾರೆ. ಐದು ಹತ್ತು ರ‍್ಯಾಂಡ್ ಕೊಡುವುದು ರೂಢಿ. ಪಾರ್ಕಿಂಗಿನಲ್ಲಿ ಹೊಳೆಯುವ ಜಾಕೆಟ್ ಹಾಕಿಕೊಂಡು ಕಾರು ಕಾಯುವವರಿಗೂ ಅಷ್ಟೇ. ಯಾರಾದರೂ ‘ಎರಡನೇ ರೋಬೋ ಹತ್ತಿರ ಬಲಕ್ಕೆ ತಿರುಗಿ’ ಅಂದರೆ ಗಾಬರಿಯಾಗಬೇಡಿ. ಸಿಗ್ನಲ್ ದೀಪಕ್ಕೆ ಅಲ್ಲಿ ರೋಬೋ ಅನ್ನುತ್ತಾರೆ. ‘ಜಸ್ಟ್ ನೌ ಬರ್ತೀನಿ’ ಅಂದರೆ ಈಗಲೇ ಬರುತ್ತಾರೆ ಅಂತಲ್ಲ, ಇನ್ನೊಂದು ಸ್ವಲ್ಪ ಹೊತ್ತಿಗೆ ಅಂತ. ನಮ್ಮ ‘ಬಂದೆ ಬಂದೆ’ ಇದ್ದ ಹಾಗೆ.

4. ನಮಸ್ಕಾರ ಕಲಿಯಿರಿ

ಕಿಂಬರ್ಲಿಯಲ್ಲಿ ಆಫ್ರಿಕಾನ್ಸ್ ಮತ್ತು ಸೆತ್ಸ್ವಾನಾ ಜಾಸ್ತಿ ಕೇಳಿಸುತ್ತವೆ. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ಆದರೆ ಗಂಡಸಿಗೆ ‘ದುಮೇಲಾ ರ‍್ರಾ’, ಹೆಂಗಸಿಗೆ ‘ದುಮೇಲಾ ಮ್ಮಾ’ ಅಂದು ನೋಡಿ, ಮುಖ ಅರಳುತ್ತದೆ. ಅಂಗಡಿಗೆ ಹೋದ ತಕ್ಷಣ ‘ನೀರು ಎಷ್ಟು’ ಅಂತ ಕೇಳುವುದು ಅಲ್ಲಿ ಒರಟುತನ. ಮೊದಲು ನಮಸ್ಕಾರ, ಹೇಗಿದ್ದೀರಿ, ಆಮೇಲೆ ನೀರು. ಧನ್ಯವಾದಕ್ಕೆ ‘ಕೆ ಆ ಲೆಬೊಖಾ’. ಚಿಕ್ಕಪ್ಪ ಎರಡನೇ ದಿನದ ಹೊತ್ತಿಗೆ ಕಂಡಕಂಡವರಿಗೆಲ್ಲ ‘ದುಮೇಲಾ’ ಹಾಕುತ್ತಿದ್ದರು.

ಸೆತ್ಸ್ವಾನಾದಲ್ಲಿ ಈ ಊರಿಗೆ ‘ತೇಮನೆಂಗ್’ ಅಂತ ಹೆಸರು. ವಜ್ರ ಇರುವ ಜಾಗ ಎಂದರ್ಥ. ಕಿಂಬರ್ಲಿ ಅನ್ನುವುದು ಲಂಡನ್ನಿನಲ್ಲಿ ಕೂತಿದ್ದ ವಸಾಹತು ಮಂತ್ರಿಯ ಹೆಸರು, 1873ರಲ್ಲಿ ಇಟ್ಟದ್ದು. ಅದಕ್ಕೆ ಮೊದಲು ಗಣಿಯವರು ‘ನ್ಯೂ ರಷ್’ ಅಂತಿದ್ದರು.

5. ಊಟ

ಇದು ಮಾಂಸದ ನಾಡು. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಬಾಯಿಬಿಟ್ಟು ಕೇಳಬೇಕು. ‘ವೆಜಿಟೇರಿಯನ್’ ಅಂದರೆ ಕೋಳಿ ನಡೆಯುತ್ತದಾ ಅಂತ ಕೇಳುವವರು ಇದ್ದಾರೆ. ‘ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ’ ಅಂತ ಬಿಡಿಸಿ ಹೇಳಿ.

ನಮಗೆ ಹೇಳಿ ಮಾಡಿಸಿದ ಊಟ ಅಂದರೆ ಪಾಪ್ ಮತ್ತು ಚಕಲಾಕಾ. ಪಾಪ್ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕೈಯಲ್ಲೇ ಮುರಿದು ತಿನ್ನುತ್ತಾರೆ. ಚಕಲಾಕಾ ಅಂದರೆ ಈರುಳ್ಳಿ, ಟೊಮೆಟೊ, ಕ್ಯಾರೆಟ್, ಬೀನ್ಸ್ ಹಾಕಿದ ಖಾರದ ಪಲ್ಯ. ಕೋಲಾರದ ಕಡೆಯವರಿಗೆ ಇದಕ್ಕಿಂತ ಇನ್ನೇನು ಬೇಕು? ‘ರಾಗಿ ಆಗಿದ್ದರೆ ನಮ್ಮೂರೇ’ ಅಂದರು ಚಿಕ್ಕಪ್ಪ. ಮುದ್ದೆ ನುಂಗಬೇಕು ಅಂತ ನುಂಗಲು ಹೋಗಿ ಒದ್ದಾಡಿದ್ದೂ ಆಯಿತು. ಪಾಪ್ ಅನ್ನು ಅಗಿಯಬೇಕು.

6. ಮೊದಲ ಸಂಜೆ: ಫ್ಲೆಮಿಂಗೊ

ಬಂದ ದಿನ ಸುಸ್ತಾಗಿರುತ್ತದೆ. ಹಗುರವಾಗಿ ಶುರು ಮಾಡಿ. ಊರ ಉತ್ತರಕ್ಕೆ, ಎನ್12 ಪಕ್ಕದಲ್ಲೇ ಕ್ಯಾಂಫರ್ಸ್ ಡ್ಯಾಮ್ ಎಂಬ ಅಗಲವಾದ, ಆಳವಿಲ್ಲದ ಕೆರೆ. ಲೆಸ್ಸರ್ ಫ್ಲೆಮಿಂಗೊಗಳು ಸಾವಿರಗಟ್ಟಲೆ ಸೇರುವ ಜಾಗ. ನೀರು ಚೆನ್ನಾಗಿದ್ದರೆ ದೂರದಿಂದ ಗುಲಾಬಿ ಗೆರೆ ಎಳೆದ ಹಾಗೆ ಕಾಣುತ್ತದೆ. 2006ರಲ್ಲಿ ಅವುಗಳಿಗಾಗಿ ಮನುಷ್ಯರೇ ಒಂದು ದ್ವೀಪ ಕಟ್ಟಿಕೊಟ್ಟರು, ಅಲ್ಲಿ ಅವು ಮೊಟ್ಟೆ ಇಟ್ಟವು. ಈ ಕೆರೆಯ ಬಹುಪಾಲು ನೀರು ಊರಿನ ಒಳಚರಂಡಿಯಿಂದ ಬರುವುದು. ಪಂಪು ಕೆಟ್ಟರೆ ಕೆರೆ ಒಣಗುತ್ತದೆ. 2019ರ ಜನವರಿಯಲ್ಲಿ ಹಾಗೇ ಆಗಿ, ಹಕ್ಕಿಗಳು ಬಿಟ್ಟುಹೋದ ಸಾವಿರಕ್ಕೂ ಹೆಚ್ಚು ಮರಿಗಳನ್ನು ಎತ್ತಿಕೊಂಡು ಹೋಗಿ ಸಾಕಬೇಕಾಯಿತು. ಹಾಗಾಗಿ ಹೋಗುವ ಮುಂಚೆ ಹೋಟೆಲಿನವರನ್ನು ‘ನೀರಿದೆಯಾ’ ಅಂತ ಕೇಳಿ. ದುರ್ಬೀನು ಇದ್ದರೆ ತನ್ನಿ, ರಸ್ತೆ ಬದಿಯಿಂದಲೇ ನೋಡಿ, ಬೇಲಿ ಹಾರಬೇಡಿ.

7. ಎರಡನೇ ದಿನ ಬೆಳಿಗ್ಗೆ: ಕೆತ್ತಿದ ಬಂಡೆಗಳು

ಬೇಗ ಏಳಿ. ಬಾರ್ಕ್ಲಿ ವೆಸ್ಟ್ ರಸ್ತೆಯಲ್ಲಿ ಸುಮಾರು 16 ಕಿಲೋಮೀಟರ್ ಹೋದರೆ ವಿಲ್ಡೆಬೀಸ್ಟ್ ಕೌಲ್ ಎಂಬ ಪುಟ್ಟ ಗುಡ್ಡ. ಈ ನಾಡಿನ ಮೂಲ ನಿವಾಸಿಗಳಾದ ಸಾನ್ ಜನರ ಪೂರ್ವಜರು ಬಂಡೆಗಳ ಮೇಲೆ ಕುಟ್ಟಿ ಕುಟ್ಟಿ ಮೂಡಿಸಿದ ಪ್ರಾಣಿಗಳ ಚಿತ್ರಗಳು ಇಲ್ಲಿವೆ: ಎಲ್ಯಾಂಡ್ ಜಿಂಕೆ, ಖಡ್ಗಮೃಗ, ಆನೆ. ನಡು ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ, ಬರೀ ಕಲ್ಲು. ಬೆಳಿಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲು ಬೇಕು. ನೆರಳು ಬಿದ್ದ ತಕ್ಷಣ ಪ್ರಾಣಿ ಎದ್ದು ಬರುತ್ತದೆ. ಇಲ್ಲಿಗೆ ಹೊರಡುವ ಮೊದಲು ಫೋನ್ ಮಾಡಿ, ತೆರೆದಿದೆ ಅಂತ ಖಚಿತ ಮಾಡಿಕೊಳ್ಳಿ.

ವಜ್ರ ನೋಡಲು ಬಂದವರಿಗೆ ಇದೇಕೆ ಅಂತೀರಾ? ಗುಂಡಿ ತೋಡುವ ಮುಂಚೆಯೂ ಈ ನೆಲದಲ್ಲಿ ಜನ ಇದ್ದರು ಅನ್ನುವುದು ಕಣ್ಣಿಗೆ ಕಾಣುವುದು ಇಲ್ಲಿ. ಅದನ್ನು ನೋಡದೆ ಊರೊಳಗೆ ಹೋದರೆ ಕತೆ ವಜ್ರ ಸಿಕ್ಕ 1871ಕ್ಕೇ ಶುರುವಾಯಿತು ಅನ್ನಿಸಿಬಿಡುತ್ತದೆ.

8. ಎರಡನೇ ದಿನ ಉಳಿದ ಹೊತ್ತು: ಊರು

ಊರಿಗೆ ವಾಪಸ್ ಬಂದು ಮ್ಯಾಕ್‌ಗ್ರೆಗರ್ ಮ್ಯೂಸಿಯಂ ನೋಡಿ. ಆ ಕಟ್ಟಡವನ್ನು ಮೊದಲು ಕಟ್ಟಿದ್ದು ಆರೋಗ್ಯಧಾಮವಾಗಿ. 1899ರ ಅಕ್ಟೋಬರ್‌ನಿಂದ 1900ರ ಫೆಬ್ರವರಿವರೆಗೆ ಬೋಯರ್ ಸೈನಿಕರು, ಅಂದರೆ ಬ್ರಿಟಿಷರ ವಿರುದ್ಧ ನಿಂತ ಡಚ್ ಮೂಲದ ವಲಸಿಗರು, ಊರನ್ನು 124 ದಿನ ಮುತ್ತಿಗೆ ಹಾಕಿದ್ದಾಗ ಇಲ್ಲಿನ ವಜ್ರದ ಗಣಿಗಳನ್ನು ನಡೆಸುತ್ತಿದ್ದ ಡಿ ಬಿಯರ್ಸ್ ಕಂಪನಿಯ ಸೆಸಿಲ್ ರೋಡ್ಸ್ ಇದ್ದದ್ದು ಈ ಕಟ್ಟಡದಲ್ಲೇ. ಕೊನೆಗೆ ದೊಡ್ಡ ಫಿರಂಗಿಯ ಗುಂಡು ಬೀಳಲು ಶುರುವಾದಾಗ ಹೆಂಗಸರು ಮಕ್ಕಳನ್ನು ಗಣಿಯೊಳಗೆ ಇಳಿಸಿದ್ದರು.

ಇಲ್ಲಿ ಸಮಯ ಕಳೆಯಬೇಕಾದ್ದು ಡಗ್ಗನ್-ಕ್ರೋನಿನ್ ಅವರ ಫೋಟೋಗಳ ಮುಂದೆ. ಪ್ರತ್ಯೇಕ ಗ್ಯಾಲರಿ ತೆರೆದಿದೆಯೇ ಅಂತ ಮ್ಯೂಸಿಯಂನಲ್ಲೇ ವಿಚಾರಿಸಿ. ಈತ ಐರ್ಲೆಂಡಿನವನು. ಡಿ ಬಿಯರ್ಸ್ ಕಂಪನಿಯ ಕಾಂಪೌಂಡಿನಲ್ಲಿ ಕೆಲಸಕ್ಕಿದ್ದ. 1904ರ ಸುಮಾರಿಗೆ ಕ್ಯಾಮೆರಾ ಕೊಂಡು, ಗಣಿಗೆ ಬಂದ ಕೂಲಿಗಳ ಫೋಟೋ ತೆಗೆಯಲು ಶುರು ಮಾಡಿದ. ಆಮೇಲೆ ಅವರ ಊರುಗಳನ್ನೇ ಹುಡುಕಿಕೊಂಡು ಹೋದ.

ಕಾಂಪೌಂಡು ಅನ್ನುವ ಮಾತು ನಮಗೆ ಗೋಡೆ ಅಷ್ಟೇ, ಅಲ್ವಾ? ಅಲ್ಲಿ ಹಾಗಲ್ಲ. 1880ರ ದಶಕದ ನಡುವಿನಿಂದ ಕಿಂಬರ್ಲಿಯ ಕಪ್ಪು ಕೆಲಸಗಾರರನ್ನು ಒಪ್ಪಂದ ಮುಗಿಯುವ ತನಕ ಗೋಡೆಯೊಳಗೇ ಇಡುತ್ತಿದ್ದರು. ಊಟ, ನಿದ್ದೆ, ಅಂಗಡಿ, ಆಸ್ಪತ್ರೆ ಎಲ್ಲ ಒಳಗೇ. ಗಣಿಗೆ ಹೋಗುವ ದಾರಿಯೂ ಒಳಗಿಂದಲೇ. ಯಾರೂ ವಜ್ರವನ್ನು ಆಚೆಗೆ ಎಸೆಯಬಾರದು ಅಂತ ಮೇಲೆ ತಂತಿ ಬಲೆ. ಒಪ್ಪಂದ ಮುಗಿದ ಮೇಲೂ ಬಿಡುತ್ತಿರಲಿಲ್ಲ. ಹಲವು ದಿನ ಬೇರೆ ಕೂಡಿಹಾಕಿ, ನುಂಗಿದ್ದರೆ ಬರಲಿ ಅಂತ ಮಲವನ್ನೂ ಶೋಧಿಸುತ್ತಿದ್ದರು. ಬಿಳಿಯ ಕೆಲಸಗಾರರು ಮಾತ್ರ ಸಂಜೆ ತಮ್ಮ ಮನೆಗೆ ಹೋಗುತ್ತಿದ್ದರು.

ಚಿಕ್ಕಪ್ಪ ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮಲ್ಲೂ ಗೇಟಲ್ಲಿ ಜೇಬು ತಡಕೋರು. ಆದ್ರೆ ಸಂಜೆ ಮನೆಗೆ ಬಿಡೋರು’ ಅಂದರು.

ಮಧ್ಯಾಹ್ನ ಏಂಜಲ್ ಸ್ಟ್ರೀಟಿನ 32ನೇ ನಂಬರಿನ ಮನೆಗೆ ಹೋಗಿ. ಸೋಲ್ ಪ್ಲಾಟ್ಯೆ ಇದ್ದ ಮನೆ. ಅಲ್ಲಿಯವರ ಬಾಯಲ್ಲಿ ‘ಪ್ಲಾಯ್ಕಿ’. 1894ರಲ್ಲಿ ಈ ಊರಿಗೆ ಅಂಚೆ ಹಂಚುವ ಕೆಲಸಕ್ಕೆ ಬಂದವರು. ಆಮೇಲೆ ಕೋರ್ಟಿನಲ್ಲಿ ದುಭಾಷಿ, ಪತ್ರಕರ್ತ, ಲೇಖಕ. 1912ರಲ್ಲಿ ಶುರುವಾದ ಸಂಘಟನೆಗೆ, ಅಂದರೆ ಇಂದಿನ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ (ಎಎನ್‌ಸಿ) ಪಕ್ಷಕ್ಕೆ, ಮೊದಲ ಪ್ರಧಾನ ಕಾರ್ಯದರ್ಶಿ. ಕಪ್ಪು ಜನ ದೇಶದ ಬಹುಪಾಲು ಕಡೆ ಭೂಮಿ ಕೊಳ್ಳದ ಹಾಗೆ ಮಾಡಿದ 1913ರ ಕಾಯ್ದೆಯ ವಿರುದ್ಧ ಲಂಡನ್ನಿನವರೆಗೆ ಹೋಗಿ ವಾದ ಮಾಡಿದರು. ಶೇಕ್ಸ್‌ಪಿಯರನನ್ನು ಸೆತ್ಸ್ವಾನಾಕ್ಕೆ ತಂದರು. 1932ರಲ್ಲಿ ತೀರಿಕೊಂಡರು, ಸಮಾಧಿ ಇಲ್ಲಿನ ವೆಸ್ಟ್ ಎಂಡ್ ಸ್ಮಶಾನದಲ್ಲಿದೆ. ಈಗ ಊರಿನ ನಗರಸಭೆಗೂ, 2014ರಲ್ಲಿ ಶುರುವಾದ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. ಮನೆ ಚಿಕ್ಕದು, ಬಾಗಿಲು ಮುಚ್ಚಿರಬಹುದು. ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.

ಗಲೇಶೆವೆ ಎಂಬ ಕಪ್ಪು ಜನರ ಬಡಾವಣೆಯನ್ನೂ ನೋಡಬೇಕು. ಅಲ್ಲಿಯವರು ಅದನ್ನು ‘ಖಲೇಶೆವೆ’ ಅಂತ ಗಂಟಲಿನಿಂದ ಹೇಳುತ್ತಾರೆ. ಒಬ್ಬರೇ ಕಾರು ತೆಗೆದುಕೊಂಡು ಸುತ್ತಬೇಡಿ, ಹೋಟೆಲಿನ ಮೂಲಕ ಆ ಬಡಾವಣೆಯವರೇ ಆದ ಗೈಡ್ ಗೊತ್ತು ಮಾಡಿಕೊಳ್ಳಿ. ದುಡ್ಡು ಅಲ್ಲಿಯವರಿಗೇ ಸೇರುತ್ತದೆ, ನಿಮಗೂ ಕತೆ ಸಿಗುತ್ತದೆ. ವರ್ಣಭೇದದ ವಿರುದ್ಧ ಹೋರಾಡಿದ ನಾಯಕ ರಾಬರ್ಟ್ ಸೊಬುಕ್ವೆ ಅವರನ್ನು 1969ರಲ್ಲಿ ರಾಬೆನ್ ದ್ವೀಪದ ಜೈಲಿನಿಂದ ಬಿಟ್ಟ ಸರ್ಕಾರ ಕಿಂಬರ್ಲಿ ಬಿಟ್ಟು ಕದಲಬಾರದು ಅಂತ ಕಟ್ಟುಹಾಕಿತು. ಅವರು ಇಲ್ಲೇ ವಕೀಲಿ ಮಾಡಿಕೊಂಡು, 1978ರಲ್ಲಿ ಸಾಯುವ ತನಕ ಇದ್ದರು. 1952ರ ನವೆಂಬರ್ 8ರಂದು ಪೊಲೀಸರ ಗುಂಡಿಗೆ ಬಲಿಯಾದವರ ನೆನಪಿನ ಮಯಿಬುಯೆ ಸ್ಮಾರಕವೂ ಈ ಬಡಾವಣೆಯಲ್ಲಿದೆ. ಮನೆಗಳ ಮುಂದೆ ನಿಂತವರ ಫೋಟೋ ಕೇಳದೆ ತೆಗೆಯಬೇಡಿ. ನಿಮ್ಮ ಮನೆ ಮುಂದೆ ಬಸ್ಸು ನಿಲ್ಲಿಸಿ ಯಾರೋ ಕ್ಯಾಮೆರಾ ಹಿಡಿದರೆ ನಿಮಗೆ ಹೇಗಾದೀತು?

ಸಂಜೆ ನಡಿಗೆ ಬೇಡ. ಊರ ನಡುಭಾಗ ಕತ್ತಲಾದ ಮೇಲೆ ಖಾಲಿಯಾಗುತ್ತದೆ. ಹೋಟೆಲಿಗೆ ಕಾರಿನಲ್ಲೇ ಹೋಗಿ, ಕಾರಿನ ಸೀಟಿನ ಮೇಲೆ ಚೀಲ, ಫೋನು ಏನೂ ಬಿಡಬೇಡಿ, ಎಟಿಎಂ ಅನ್ನು ಹಗಲಲ್ಲೇ, ಮಾಲ್ ಒಳಗೆ ಬಳಸಿ. ಇಷ್ಟು ಎಚ್ಚರ ಇದ್ದರೆ ಸಾಕು, ಹೆದರಿಕೊಂಡು ಕೂರುವಂಥದ್ದೇನಿಲ್ಲ. ಕುಡಿಯುವವರಿಗೆ ಹಾಫ್‌ವೇ ಹೌಸ್ ಎಂಬ 1870ರ ದಶಕದ ಹಳೇ ಬಾರ್ ಇದೆ. ಕುದುರೆಯಿಂದ ಇಳಿಯದೆ ಕುಡಿದು ಹೋಗುತ್ತಿದ್ದರಂತೆ.

ಬೀದಿ ದೀಪ ಹತ್ತಿದಾಗ ಒಂದು ನಿಮಿಷ ತಲೆ ಎತ್ತಿ ನೋಡಿ. 1882ರ ಸೆಪ್ಟೆಂಬರ್ 2ರಂದು ಕಿಂಬರ್ಲಿಯ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. ಭೂಮಿಯ ದಕ್ಷಿಣಾರ್ಧದಲ್ಲೇ ಮೊದಲು. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂದದ್ದು ಇದಾಗಿ 20 ವರ್ಷಕ್ಕೆ, 1902ರಲ್ಲಿ. ಎರಡು ಕಡೆಯೂ ಬೆಳಕು ಮೊದಲು ಬಂದದ್ದು ಗಣಿಯ ದುಡ್ಡಿಗೆ.

9. ಮೂರನೇ ದಿನ: ಈಗ ಗುಂಡಿ

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬಿಗ್ ಹೋಲ್‌ನಲ್ಲಿರಿ. ಬಿಸಿಲು ಕಡಿಮೆ, ಜನವೂ ಕಡಿಮೆ. ಗೈಡ್ ಜೊತೆಗಿನ ಟೂರ್ ತೆಗೆದುಕೊಳ್ಳಿ. ಮೊದಲು ಒಂದು ಚಿಕ್ಕ ಸಿನಿಮಾ, ಆಮೇಲೆ ಅಟ್ಟಣೆ, ಆಮೇಲೆ ನೆಲದಡಿಯ ಗಣಿಯ ಮಾದರಿ, ಕೊನೆಗೆ ವಜ್ರದ ಕೋಣೆ.

ನೋಡುವ ಮುಂಚೆ ಇಷ್ಟು ಗೊತ್ತಿರಲಿ. ಇಲ್ಲಿ ಮೊದಲು ಗುಂಡಿ ಇರಲಿಲ್ಲ, ಗುಡ್ಡ ಇತ್ತು. ಕೋಲ್ಸ್‌ಬರ್ಗ್ ಕೊಪ್ಪಿ ಅಂತ ಹೆಸರು. ಡಿ ಬಿಯರ್ ಎಂಬ ಅಣ್ಣ ತಮ್ಮಂದಿರ ಜಮೀನು. 1871ರ ಜುಲೈನಲ್ಲಿ ಕೆಂಪು ಟೋಪಿಯ ಗುಂಪು ಅಂತ ಕರೆಸಿಕೊಳ್ಳುತ್ತಿದ್ದವರ ಅಡುಗೆಯವನೊಬ್ಬನಿಗೆ ಇಲ್ಲಿ ವಜ್ರ ಸಿಕ್ಕಿತು. ಡೇಮನ್ ಅಂತ ಹೆಸರು. ಆಮೇಲೆ ಜಾತ್ರೆ. ಒಬ್ಬೊಬ್ಬರಿಗೆ 31 ಅಡಿ ಉದ್ದಗಲದ ತುಂಡು. ಒಬ್ಬ ಬೇಗ ತೋಡಿದ, ಪಕ್ಕದವನು ನಿಧಾನ. ಹಾಗಾಗಿ ನೆಲವೆಲ್ಲ ಮೆಟ್ಟಿಲು ಮೆಟ್ಟಿಲು. ನಡುವಿನ ದಾರಿಗಳು ಕುಸಿದ ಮೇಲೆ ಪ್ರತಿ ತುಂಡಿನಿಂದ ಅಂಚಿಗೆ ತಂತಿ ಎಳೆದು ಬಕೆಟ್‌ನಲ್ಲಿ ಮಣ್ಣು ಎತ್ತಿದರು. ಆಗಿನ ಫೋಟೋಗಳಲ್ಲಿ ಗುಂಡಿಯ ಮೇಲೆ ಜೇಡರ ಬಲೆ ಕಟ್ಟಿದ ಹಾಗೆ ಕಾಣುವುದು ಆ ತಂತಿಗಳೇ.

ಮೇಲಿನ ಹಳದಿ ಮಣ್ಣು ಮುಗಿದು ಗಟ್ಟಿಯಾದ ನೀಲಿ ಮಣ್ಣು ಬಂದಾಗ ಕತೆ ಮುಗೀತು ಅಂತ ಎಷ್ಟೋ ಜನ ಮಾರಿಕೊಂಡು ಹೋದರು. ನಿಜವಾದ ವಜ್ರದ ಮಣ್ಣು ಆ ನೀಲಿಯದ್ದೇ. ಅದನ್ನು ಬಯಲಲ್ಲಿ ಹರಡಿ, ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಪುಡಿಯಾದ ಮೇಲೆ ತೊಳೆಯುತ್ತಿದ್ದರು. ಭೂಮಿಯಾಳದಿಂದ ಮೇಲಕ್ಕೆ ನುಗ್ಗಿ ಬಂದ, ಕ್ಯಾರೆಟ್ ಆಕಾರದ ಕೊಳವೆಯಲ್ಲಿ ಈ ಕಲ್ಲು ತುಂಬಿರುತ್ತದೆ. ಈ ಊರಿನ ಹೆಸರಿನಿಂದಲೇ ಅದಕ್ಕೆ ಕಿಂಬರ್ಲೈಟ್ ಅಂತ ಹೆಸರು ಬಂತು. ಇದೇ ಜಾತಿಯ ಕಲ್ಲು ನಮ್ಮ ಬಳ್ಳಾರಿಯಿಂದ ದೂರವಿಲ್ಲದ, ಅನಂತಪುರದ ವಜ್ರಕರೂರಿನಲ್ಲೂ ಇದೆ. ಮುಂಗಾರು ಬಿದ್ದ ಮೇಲೆ ಅಲ್ಲಿ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ವಜ್ರ ಹುಡುಕುತ್ತಾರಲ್ಲ, ಅದೇ ಕಾರಣ.

ಈಗ ಅಟ್ಟಣೆಗೆ ಹೋಗಿ. ಉಕ್ಕಿನ ಅಟ್ಟಣೆ ಗುಂಡಿಯ ಮೇಲೆ ಚಾಚಿಕೊಂಡಿದೆ. ಬಾಯಿಯ ಸುತ್ತಳತೆ ಸುಮಾರು 1.6 ಕಿಲೋಮೀಟರ್. ಗುದ್ದಲಿ ಹಾರೆಯಲ್ಲೇ ಸುಮಾರು 240 ಮೀಟರ್ ತೋಡಿದರು, ಆಮೇಲೆ ಪಕ್ಕದಲ್ಲಿ ಶಾಫ್ಟ್ ಇಳಿಸಿ 1,097 ಮೀಟರ್‌ವರೆಗೆ ಹೋದರು. 1914ರ ಆಗಸ್ಟ್ 14ರಂದು ಗಣಿ ನಿಂತಿತು. ಅಷ್ಟರಲ್ಲಿ 2 ಕೋಟಿ 25 ಲಕ್ಷ ಟನ್ ಮಣ್ಣು ಮೇಲೆ ಬಂದಿತ್ತು. ಅದರಲ್ಲಿ ಸಿಕ್ಕ ವಜ್ರ 2,722 ಕಿಲೋ. ಒಂದು ಲಾರಿಯಲ್ಲಿ ಹಿಡಿಯುವಷ್ಟು.

‘ಕೈಯಲ್ಲಿ ತೋಡಿದ ಜಗತ್ತಿನ ಅತಿ ದೊಡ್ಡ ಗುಂಡಿ’ ಅಂತ ಕಿಂಬರ್ಲಿಯವರು ಹೇಳುತ್ತಾರೆ. ಪಕ್ಕದ ಫ್ರೀ ಸ್ಟೇಟ್ ಪ್ರಾಂತ್ಯದ ಜಾಗರ್ಸ್‌ಫಾಂಟೇನ್‌ನವರು ತಮ್ಮದೇ ದೊಡ್ಡದು ಅಂತ ತಕರಾರು ತೆಗೆಯುತ್ತಾರೆ. ಆ ಊರಿಗೆ 2022ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕಾರಣಕ್ಕೆ ಹೆಸರು ಬಂತು. ಹಳೇ ಗಣಿಯ ಕೆಸರಿನ ಕಟ್ಟೆ ಒಡೆದು ಮನೆಗಳ ಮೇಲೆ ಹರಿಯಿತು. ಯಾವ ಗುಂಡಿ ದೊಡ್ಡದು ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಅಟ್ಟಣೆಯ ಮೇಲೆ ನಿಂತಾಗ ಆ ಗೋಡೆಗಳನ್ನು ನೋಡಿ, ಹಿಂದಿನ ದಿನ ನೋಡಿದ ಫೋಟೋಗಳ ಮುಖಗಳನ್ನು ನೆನಪು ಮಾಡಿಕೊಳ್ಳಿ. ಆ ಮುಖಗಳಿಗೆ ಇಲ್ಲಿ ಬಕೆಟ್ ಸಿಗುತ್ತದೆ, ತಂತಿ ಸಿಗುತ್ತದೆ, ಮೆಟ್ಟಿಲು ಸಿಗುತ್ತದೆ. ಇದಕ್ಕೇ ನಾನು ಕೊನೆಗೆ ನೋಡಿ ಅಂದದ್ದು.

ಗಣಿಯ ಮಾದರಿಯೊಳಗೆ ಡೈನಮೈಟ್ ಸದ್ದು ಜೋರಾಗಿ ಬರುತ್ತದೆ. ಪುಟ್ಟ ಮಕ್ಕಳಿಗೆ, ಹೃದಯದ ತೊಂದರೆ ಇರುವವರಿಗೆ ಮೊದಲೇ ಹೇಳಿಡಿ. ಚಿಕ್ಕಪ್ಪನಿಗೆ ಅದು ಅಷ್ಟು ರುಚಿಸಲಿಲ್ಲ. ‘ಗಣಿಯಲ್ಲಿ ಶಬ್ದಕ್ಕಿಂತ ಸೆಖೆ ಮುಖ್ಯ, ಅದನ್ನ ಇವರು ಇಟ್ಟಿಲ್ಲ’ ಅಂದರು. ವಜ್ರದ ಕೋಣೆಯಲ್ಲಿ ಯುರೇಕಾ ವಜ್ರ ಇದೆಯೇ ಅಂತ ಕೇಳಿ. 1867ರಲ್ಲಿ ಹೋಪ್‌ಟೌನ್ ಹತ್ತಿರ ಎರಾಸ್ಮಸ್ ಜೇಕಬ್ಸ್ ಎಂಬ 15ರ ಹುಡುಗನಿಗೆ ಸಿಕ್ಕ ಕಲ್ಲು. ಈ ಎಲ್ಲ ಗಲಾಟೆ ಅದರಿಂದಲೇ ಶುರು. ನೂರು ವರ್ಷ ಆದ ಮೇಲೆ ಡಿ ಬಿಯರ್ಸ್ ಅದನ್ನು ಕೊಂಡು ದೇಶಕ್ಕೆ ವಾಪಸ್ ಕೊಟ್ಟಿತು.

ಪಕ್ಕದಲ್ಲೇ ಹಳೇ ಊರಿನ ಅಂಗಡಿ, ಚರ್ಚು, ಬಾರುಗಳನ್ನು ತಂದು ನಿಲ್ಲಿಸಿದ ಬೀದಿ ಇದೆ. ಸಿನಿಮಾ ಸೆಟ್ಟಿನ ಹಾಗೆ ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟು. ಅರ್ಧ ಗಂಟೆ ಸಾಕು.

10. ವಜ್ರ ಕೊಳ್ಳಬಹುದಾ?

ಕಚ್ಚಾ ವಜ್ರವನ್ನು ಮುಟ್ಟಲೂ ಬೇಡಿ. ಪರವಾನಗಿ ಇಲ್ಲದೆ ಸಾಣೆ ಹಿಡಿಯದ ವಜ್ರ ಇಟ್ಟುಕೊಳ್ಳುವುದೇ ದಕ್ಷಿಣ ಆಫ್ರಿಕಾದಲ್ಲಿ ಅಪರಾಧ. ಪಾರ್ಕಿಂಗಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಹತ್ತಿರ ಬಂದು ಕೈಯೊಳಗಿನ ಕಲ್ಲು ತೋರಿಸಿದರೆ ಮೂರೇ ಸಾಧ್ಯತೆ: ಗಾಜು, ಕದ್ದ ಮಾಲು, ಇಲ್ಲವೇ ಪೊಲೀಸರ ಬಲೆ. ಮೂರರಲ್ಲೂ ನಷ್ಟ ನಿಮಗೇ. ‘ನೋ ಥ್ಯಾಂಕ್ಸ್’ ಅಂದು ನಡೆಯುತ್ತಿರಿ.

ಸಾಣೆ ಹಿಡಿದ ವಜ್ರ ಬೇಕಿದ್ದರೆ ಪ್ರಮಾಣಪತ್ರ ಕೊಡುವ ಅಂಗಡಿಯಲ್ಲಿ ಕೊಳ್ಳಿ, ಟ್ಯಾಕ್ಸ್ ಇನ್‌ವಾಯ್ಸ್ ಇಸಿದುಕೊಳ್ಳಿ. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ವ್ಯಾಟ್ ವಾಪಸ್ ಕೇಳಬಹುದು. ಅದಕ್ಕೆ ವಸ್ತುವನ್ನು ತೋರಿಸಬೇಕಾಗುತ್ತದೆ, ಬ್ಯಾಗನ್ನು ಚೆಕ್ ಇನ್ ಮಾಡುವ ಮುಂಚೆ ಆ ಕೌಂಟರಿಗೆ ಹೋಗಿ. ಇಲ್ಲಿ ಇಳಿದ ಮೇಲೆ ಕಸ್ಟಮ್ಸ್‌ಗೆ ತೋರಿಸಿ. ನನ್ನ ಅಭಿಪ್ರಾಯ ಕೇಳಿದರೆ, ಕೊಳ್ಳಬೇಡಿ. ಜಗತ್ತಿನ ಬಹುಪಾಲು ವಜ್ರಗಳಿಗೆ ಸಾಣೆ ಹಿಡಿಯುವುದು ನಮ್ಮ ಸೂರತ್. ಸೂರತ್‌ನಿಂದ ಹೋದದ್ದನ್ನೇ ಕಿಂಬರ್ಲಿಯಿಂದ ಹೊತ್ತು ತಂದ ಹಾಗಾದೀತು.

ಊರ ಸುತ್ತ ಬೂದು ಮಣ್ಣಿನ ದಿಬ್ಬಗಳಿವೆ, ಹಳೇ ಗಣಿಗಳ ಕಸ. ಅದರಲ್ಲಿ ಉಳಿದ ವಜ್ರ ಹುಡುಕುವವರನ್ನು ‘ಜಮಾ ಜಮಾ’ ಅನ್ನುತ್ತಾರೆ. ಜುಲು ಭಾಷೆಯ ಮಾತು, ‘ಯತ್ನಿಸು, ಯತ್ನಿಸು’ ಅಂತ. 2018ರಲ್ಲಿ ಕೆಲವರಿಗೆ ಪರವಾನಗಿ ಸಿಕ್ಕಿತು, ಉಳಿದವರು ಕದ್ದು ಮುಚ್ಚಿಯೇ ತೋಡುತ್ತಾರೆ. ಆ ದಿಬ್ಬಗಳಿಗೆ ಹೋಗಬೇಡಿ, ಅವರ ಫೋಟೋ ತೆಗೆಯಬೇಡಿ. ನಿಮಗೆ ಅದು ನೋಟ, ಅವರಿಗೆ ಜೈಲು.

11. ಹೊರಡುವ ಮುನ್ನ

ಜೋಹಾನ್ಸ್‌ಬರ್ಗ್‌ಗೆ ಅದೇ ದಿನ ಕಾರಿನಲ್ಲಿ ವಾಪಸ್ ಹೋಗುವುದಾದರೆ 11 ಗಂಟೆಗೆ ಊರು ಬಿಡಿ. ಚಳಿಗಾಲದಲ್ಲಿ ಆರಕ್ಕೆಲ್ಲ ಕತ್ತಲು. ಪೆಟ್ರೋಲ್ ಕಿಂಬರ್ಲಿಯಲ್ಲೇ ತುಂಬಿಸಿ.

ಹಾಗೇ, ಜೊತೆಗೆ ಮಕ್ಕಳಿದ್ದರೆ ಕಾರು ಹತ್ತುವ ಮುಂಚೆ ಜೇಬು ನೋಡಿ. ಕೆತ್ತನೆಯ ಗುಡ್ಡದಿಂದ ಎತ್ತಿಕೊಂಡ ಚೂಪು ಕಲ್ಲು ಸಾವಿರಾರು ವರ್ಷದ ಹಳೇ ಆಯುಧ ಆಗಿರಬಹುದು, ಅದನ್ನು ಒಯ್ಯುವುದೂ ಕಾನೂನಿಗೆ ವಿರುದ್ಧ. ನಮ್ಮ ಕಾರಿನಲ್ಲಿ ಮಕ್ಕಳಿರಲಿಲ್ಲ. ಕಲ್ಲು ಸಿಕ್ಕಿದ್ದು ಚಿಕ್ಕಪ್ಪನ ಜೇಬಿನಲ್ಲಿ. ‘ಸುಮ್ನೆ, ನೋಡೋಕೆ’ ಅಂದರು. ವಾಪಸ್ ಇಟ್ಟು ಬರಲು 16 ಕಿಲೋಮೀಟರ್ ತಿರುಗಿ ಹೋದೆವು.